ಗುಜರಿ ತಕ್ಕಡಿಯಿಂದ ಶುರುಮಾಡಿ: ರೊಟ್ಟಿ, ಚಟ್ನಿಪುಡಿ, ಕರದಂಟಿಗೆ ಕಸವಾಗದ ಪ್ಯಾಕಿಂಗ್

ವಿಜಯಪುರದ ಖಡಕ್ ರೊಟ್ಟಿ, ಬಾಗಲಕೋಟೆಯ ಶೇಂಗಾ ಚಟ್ನಿ, ಅಮೀನಗಡ–ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಈಗ ಬೆಂಗಳೂರು, ಪುಣೆಗೂ ಪಾರ್ಸಲ್ ಹೋಗುತ್ತವೆ. ತಿಂದು ಮುಗಿದ ಮೇಲೆ ಉಳಿಯುವ ಹಾಳಿ, ಡಬ್ಬಿ, ರಟ್ಟು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಗಿರಾಕಿಯ ಮನೆಯಲ್ಲಿ ತೀರ್ಮಾನವಾಗುವುದಿಲ್ಲ. ನೀವು ಪಾಕೀಟು ಆರಿಸಿದ ದಿನವೇ ಅದು ತೀರ್ಮಾನವಾಗಿರುತ್ತದೆ. ಸರ್ಕ್ಯುಲರ್ ಎಕಾನಮಿ ಎಂಬ ದೊಡ್ಡ ಮಾತಿನ ಒಳಗಿರುವುದು ಇಷ್ಟು: ವಸ್ತು ಮತ್ತೆ ತುಂಬಲು ಮರಳಬೇಕು, ಇಲ್ಲವೇ ಕರಗಿ ಹೊಸ ವಸ್ತುವಾಗಬೇಕು, ಅದೂ ಆಗದಿದ್ದರೆ ಮಣ್ಣಾಗಬೇಕು.

ನಮ್ಮ ಕಡೆ ಕಸ ಬೇರ್ಪಡಿಸುವುದು ಬಹುಪಾಲು ಕೈಗಳು, ಯಂತ್ರಗಳಲ್ಲ. ಆಯುವವರು ಹಾಳಿಯನ್ನು ಮುಷ್ಟಿಯಲ್ಲಿ ಹಿಂಡಿ ಸದ್ದು ಕೇಳುತ್ತಾರೆ, ಡಬ್ಬಿಯನ್ನು ತಿರುಗಿಸಿ ನೋಡುತ್ತಾರೆ, ಬೇಕಾದದ್ದನ್ನು ಚೀಲಕ್ಕೆ ಹಾಕುತ್ತಾರೆ. ಗುಜರಿಯವರು ತಕ್ಕಡಿಗೆ ಹಾಕಿಕೊಂಡು ದುಡ್ಡು ಕೊಡುವ ವಸ್ತು ಕಾರ್ಖಾನೆ ಸೇರುತ್ತದೆ. ಬೇಡವೆಂದದ್ದು ಸೇರುವುದಿಲ್ಲ, ಅದರ ಮೇಲೆ ಮರುಬಳಕೆಯ ಮೂರು ಬಾಣದ ಗುರುತು ಎಷ್ಟೇ ಚಂದ ಅಚ್ಚಾಗಿದ್ದರೂ. ಆದ್ದರಿಂದ ಈ ಮಾರ್ಗದರ್ಶಿ ಕೊನೆಯಿಂದ ಮೊದಲಿಗೆ ಬರುತ್ತದೆ.

ಹಂತ 1: ಈಗಿನ ಪ್ಯಾಕ್ ಬಿಚ್ಚಿ ತೂಗಿ

ಮಾರುತ್ತಿರುವ ಒಂದು ಪ್ಯಾಕ್ ತೆಗೆದುಕೊಂಡು ನೆಲದ ಮೇಲೆ ಪೂರ್ತಿ ಬಿಚ್ಚಿ. ಹೊರ ಪೆಟ್ಟಿಗೆ, ಟೇಪು, ಒಳ ಹಾಳಿ, ಲೇಬಲ್, ಮುಚ್ಚಳ, ಮುಚ್ಚಳದೊಳಗಿನ ಬಿಲ್ಲೆ, ಕಂಠದ ಸುತ್ತ ಬಿಸಿಗೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಪಟ್ಟಿ (ಶ್ರಿಂಕ್ ಪಟ್ಟಿ), ಎಲ್ಲವನ್ನೂ ಬೇರೆ ಮಾಡಿ. 0.1 ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರದಲ್ಲಿ ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ಕೈಯಿಂದ ಬೇರೆ ಮಾಡಲು ಬಾರದೆ ಅಂಟಿಕೊಂಡೇ ಉಳಿದ ಜೋಡಿಗಳಿಗೆ ಕೆಂಪು ಗುರುತು ಹಾಕಿ. ಮುಂದಿನ ಕೆಲಸವೆಲ್ಲ ಆ ಕೆಂಪು ಗುರುತುಗಳದ್ದೇ.

ಇಲ್ಲೇ ಕೆಲವು ಭಾಗ ಸುಮ್ಮನೆ ಉದುರಿಹೋಗುತ್ತವೆ. ಕರದಂಟು ಅಥವಾ ಕುಂದಾದ ಡಬ್ಬಿಯ ಮೇಲೆ ಹೊಳೆಯುವ ಪ್ಲಾಸ್ಟಿಕ್ ಹಾಳಿ ಸುತ್ತುತ್ತಿದ್ದರೆ ನಿಲ್ಲಿಸಿ. ಸಿಹಿ ಡಬ್ಬಿಗೆ ಸುತ್ತುವ ಹಾಳಿ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿರುವ ಒಮ್ಮೆ-ಬಳಕೆಯ ಪ್ಲಾಸ್ಟಿಕ್ ಪಟ್ಟಿಯಲ್ಲಿದೆ. ಕುಂದಾ ಜೊತೆ ಕೊಡುವ ಪ್ಲಾಸ್ಟಿಕ್ ಚಮಚವೂ ಅದೇ ಪಟ್ಟಿಯದು.

ಹಂತ 2: ತುಂಡುಗಳನ್ನು ಗುಜರಿ ಅಂಗಡಿಗೆ ಒಯ್ಯಿರಿ

ಒಂದಲ್ಲ, ಕನಿಷ್ಠ ಮೂರು ಅಂಗಡಿ ಕೇಳಿ. ಅದರಲ್ಲಿ ಒಂದಾದರೂ ದೊಡ್ಡ ವ್ಯಾಪಾರಿಯದಿರಲಿ. ಪ್ರತಿ ತುಂಡಿಗೂ ಎರಡೇ ಪ್ರಶ್ನೆ: ತಗೋತೀರಾ? ಕಿಲೋಗೆ ಎಷ್ಟು? ಸಾಮಾನ್ಯವಾಗಿ ರಟ್ಟು, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಬಾಟಲಿ, ಗಟ್ಟಿ ಪಿಪಿ (ಪಾಲಿಪ್ರೊಪಿಲೀನ್) ಮತ್ತು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಡಬ್ಬಿ, ತಗಡು, ಅಲ್ಯುಮಿನಿಯಂ ತಕ್ಕಡಿಗೆ ಏರುತ್ತವೆ. ಗಾಜು ಕೆಲವರು ಇಡಿಯಾಗಿದ್ದರೆ ಮಾತ್ರ ಕೊಳ್ಳುತ್ತಾರೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪಾಕೀಟಿನ ಜಾತಿಯದನ್ನು ಹೆಚ್ಚಿನವರು ಮುಟ್ಟುವುದಿಲ್ಲ. ಅದು ಪಾಲಿಯೆಸ್ಟರ್, ಲೋಹ, ಪಾಲಿಥೀನ್ ಪದರಗಳನ್ನು ಅಂಟಿನಿಂದ ಕೂಡಿಸಿದ್ದು. ಒಂದೊಂದು ಪದರ ಒಂದೊಂದು ಉಷ್ಣತೆಗೆ ಕರಗುತ್ತದೆ, ಬಿಡಿಸಲು ಬರುವುದಿಲ್ಲ. ಸಂಗ್ರಹವಾದರೂ ಹೆಚ್ಚೆಂದರೆ ಸಿಮೆಂಟ್ ಭಟ್ಟಿಗೆ ಉರುವಲಾಗುತ್ತದೆ.

"ಮಣ್ಣಲ್ಲಿ ಕರಗುವ ಕವರ್" ತಂದುಕೊಡುತ್ತೇವೆ ಎನ್ನುವ ಮಾರಾಟಗಾರರು ಈ ಹೊತ್ತಿಗೆ ನಿಮ್ಮನ್ನು ಹುಡುಕಿಕೊಂಡು ಬಂದಿರುತ್ತಾರೆ. ನಮ್ಮ ಸಲಹೆ: ಬೇಡ. ನಿಜವಾದ ಕಂಪೋಸ್ಟಬಲ್ ಪ್ಲಾಸ್ಟಿಕ್ ಕರಗಲು ಸುಮಾರು 58 ಡಿಗ್ರಿ ಬಿಸಿಯಲ್ಲಿ ನಡೆಯುವ ದೊಡ್ಡ ಗೊಬ್ಬರದ ಘಟಕ ಬೇಕು. ಹಿತ್ತಲ ತಿಪ್ಪೆಯಲ್ಲಿ ಅದು ಹಾಗೇ ಉಳಿಯುತ್ತದೆ. ಕೈಯಿಂದ ಆಯುವವರಿಗೆ ಅದು ಪಾಲಿಥೀನಿನ ಹಾಗೆಯೇ ಕಾಣುತ್ತದೆ, ಹೀಗಾಗಿ ಒಳ್ಳೆಯ ಪಾಲಿಥೀನಿನ ರಾಶಿಗೆ ಬೆರೆತು ಅದನ್ನೂ ಕೆಡಿಸುತ್ತದೆ.

ಹಂತ 3: ಊರಿಗೊಂದು ದಾರಿ ಆರಿಸಿ

ಒಂದೇ ಪ್ಯಾಕ್ ಎಲ್ಲ ಊರಿಗೂ ಹೊಂದುವುದಿಲ್ಲ. ವಾಹನ ಖಾಲಿ ವಾಪಸು ಬರುವ ದೂರದಲ್ಲಿ, ಅಂದರೆ ನಿಮ್ಮದೇ ಊರು, ತಾಲ್ಲೂಕು, ದಿನಾ ಬಸ್ ಓಡಾಡುವ ಪಕ್ಕದ ಜಿಲ್ಲೆಯಲ್ಲಿ, ಮರಳುವ ಗಾಜು ಮತ್ತು ಕ್ರೇಟು ಲಾಭದ ಮಾತು. ಪುಣೆಗೋ ಬೆಂಗಳೂರಿಗೋ ಹೋಗುವ ಬಿಡಿ ಪಾರ್ಸಲ್‌ಗೆ ಗಾಜು ಕಟ್ಟುವುದು ದಡ್ಡತನ: 200 ಗ್ರಾಂ ಚಟ್ನಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಬಾಟಲಿ ಸಾಗಿಸಿ, ಅದು ಒಡೆಯದಿರಲೆಂದು ಇನ್ನಷ್ಟು ಹಾಳಿ ಸುತ್ತಿ, ಕೊನೆಗೆ ಅದು ಮರಳಿಯೂ ಬರುವುದಿಲ್ಲ. ಅಲ್ಲಿಗೆ ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಹಗುರ ಪಾಕೀಟೇ ಸರಿ.

ಏನನ್ನು ಮರಳಿ ತುಂಬಬಹುದು ಎಂಬುದಕ್ಕೆ ಕಾನೂನಿನ ಗೆರೆಯೂ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಒಮ್ಮೆ ಬಳಸಿದ ತಗಡಿನ ಡಬ್ಬಿಗೆ ಮತ್ತೆ ಆಹಾರ ತುಂಬುವಂತಿಲ್ಲ. ಎಣ್ಣೆಯ ಹಳೆ ಟಿನ್‌ನಲ್ಲಿ ಚಟ್ನಿಪುಡಿ ಕಳಿಸುವ ರೂಢಿ ಇದ್ದರೆ ಬಿಡಬೇಕು. ಗಾಜಿನ ಬಾಟಲಿ ಮತ್ತು 5 ಲೀಟರ್ ಅಥವಾ ಅದಕ್ಕೂ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಮರುಬಳಸಬಹುದು, ಆದರೆ ಅವು ಬಾಳಿಕೆ ಬರುವಂಥವು, ಸುಲಭವಾಗಿ ತೊಳೆಯಲು ಬರುವಂಥವು ಆಗಿರಬೇಕು. ಸುದ್ದಿಪತ್ರಿಕೆಯಲ್ಲಿ ಆಹಾರ ಸುತ್ತುವುದಕ್ಕೂ ಅವಕಾಶವಿಲ್ಲ. ಹೀಗಾಗಿ 200 ಗ್ರಾಂನ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಮರಳಿ ಪಡೆದು ತುಂಬುವ ಯೋಜನೆ ಹಾಕಬೇಡಿ.

ಹಂತ 4: ಖಡಕ್ ರೊಟ್ಟಿಯ ಪಾಕೀಟು

ರೊಟ್ಟಿಗೆ ಇಬ್ಬರು ಶತ್ರುಗಳು: ತೇವ ಮತ್ತು ಪೆಟ್ಟು. ಜೋಳದ ರೊಟ್ಟಿಯಲ್ಲಿ ಎಣ್ಣೆ ಕಡಿಮೆ ಇರುವುದರಿಂದ ಕಮಟು ವಾಸನೆಯ ಭಯ ಅಷ್ಟಿಲ್ಲ. ಅಂದಮೇಲೆ ಆಮ್ಲಜನಕ ತಡೆಯುವ ಲೋಹದ ಪದರ ಇಲ್ಲಿ ಬರೀ ಖರ್ಚು. ಬರೀ ಪಿಪಿ ಹಾಳಿ ಸಾಕು. ಅದು ತೇವ ತಡೆಯುವುದರಲ್ಲಿ ಗಟ್ಟಿ, ಗಾಳಿ ತಡೆಯುವುದರಲ್ಲಿ ಸಡಿಲ.

ಅಳತೆ ಹೀಗೆ ಲೆಕ್ಕ ಹಾಕಿ. ರೊಟ್ಟಿ 23 ಸೆಂ.ಮೀ. ಅಗಲ, 10 ರೊಟ್ಟಿಯ ಥಪ್ಪಿ 5 ಸೆಂ.ಮೀ. ಎತ್ತರ ಎಂದುಕೊಳ್ಳಿ. ಚೀಲದ ಅಗಲ 23 + 5 = 28, ಸಡಿಲಕ್ಕೆ 2 ಸೇರಿಸಿ 30. ಉದ್ದ 23 + 5, ಸೀಲ್ ಮತ್ತು ಸಡಿಲಕ್ಕೆ 6 ಸೇರಿಸಿ 34. ದಪ್ಪ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಇರಲಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ ಸಾಮಾನು ಸುತ್ತುವ ಹಾಳಿಗೆ ಕೇಳುವ ಕನಿಷ್ಠ ದಪ್ಪವೂ ಸಾಮಾನ್ಯವಾಗಿ ಅದೇ. 25 ಮೈಕ್ರಾನಿನದನ್ನು ಖಡಕ್ ರೊಟ್ಟಿಯ ಅಂಚು ಸೂಜಿಯ ಹಾಗೆ ಚುಚ್ಚುತ್ತದೆ. ಕಣ್ಣಿಗೆ ಕಾಣದ ಆ ತೂತಿನಿಂದಲೇ ರೊಟ್ಟಿ ಮೆತ್ತಗಾಗುತ್ತದೆ. ತೂಕ: ಎರಡೂ ಬದಿ ಸೇರಿ 0.204 ಚದರ ಮೀಟರ್, ಅದನ್ನು 50 ಮೈಕ್ರಾನ್ ಮತ್ತು ಪಿಪಿಯ ಸಾಂದ್ರತೆ 0.9ರಿಂದ ಗುಣಿಸಿದರೆ 9.2 ಗ್ರಾಂ. ಸಾವಿರ ಪಾಕೀಟಿಗೆ 9 ಕಿಲೋ ಚಿಲ್ಲರೆ. ಹಂತ 1ರಲ್ಲಿ ತೂಗಿದ ನಿಮ್ಮ ಈಗಿನ ಚೀಲಕ್ಕೆ ಇದನ್ನು ಹೋಲಿಸಿ.

ಹಾಳಿ ಕೊಳ್ಳುವಾಗ ಸಿಪಿಪಿ (ಹಿಗ್ಗಿಸದೆ ಮಾಡಿದ ಪಿಪಿ ಹಾಳಿ) ಎಂದೇ ಕೇಳಿ, ಇಲ್ಲವೇ ಸೀಲ್ ಆಗುವ ಬಗೆಯ ಬಿಒಪಿಪಿ (ಎರಡೂ ದಿಕ್ಕಿಗೆ ಹಿಗ್ಗಿಸಿದ ಪಿಪಿ ಹಾಳಿ). ಸಾದಾ ಬಿಒಪಿಪಿ ಬಿಸಿ ತಾಗಿದರೆ ಅಂಟುವ ಬದಲು ಮುದುಡುತ್ತದೆ. ಪಾಲಿಥೀನಿಗೆ ಹೊಂದಿಸಿಟ್ಟ ಸೀಲಿಂಗ್ ಯಂತ್ರದಲ್ಲಿ ಸಿಪಿಪಿ ಹಾಕಿದರೆ ಸೀಲ್ ಹಿಡಿದಂತೆ ಕಂಡು ಎಳೆದೊಡನೆ ಬಿಚ್ಚುತ್ತದೆ. 130 ಡಿಗ್ರಿಯಿಂದ ಶುರುಮಾಡಿ ಐದೈದು ಡಿಗ್ರಿ ಏರಿಸುತ್ತ, ಎಳೆದಾಗ ಸೀಲ್ ಬಿಚ್ಚದೆ ಹಾಳಿಯೇ ಹಿಗ್ಗುವ ಹಂತ ಹುಡುಕಿ. ಸೀಲ್ ಆಗುವ ಜಾಗದಲ್ಲಿ ಹಿಟ್ಟಿನ ಪುಡಿ ಇದ್ದರೆ ಎಷ್ಟು ಬಿಸಿ ಕೊಟ್ಟರೂ ಸೋರುತ್ತದೆ. ರೊಟ್ಟಿಯನ್ನು ಮೊದಲೇ ಕೊಡವಿ, ಅಂಚನ್ನು ಒಣ ಬಟ್ಟೆಯಿಂದ ಒರೆಸಿ.

ಪೆಟ್ಟು ತಡೆಯಲು ಥಪ್ಪಿಯ ಮೇಲೊಂದು ಕೆಳಗೊಂದು ರಟ್ಟಿನ ಬಿಲ್ಲೆ, ಚೀಲದ ಹೊರಗೆ. ಥರ್ಮಾಕೋಲ್ ಬೇಡ, ಬಬಲ್ ಹಾಳಿಯೂ ಬೇಡ. ಬಿಲ್ಲೆ ರೊಟ್ಟಿಗಿಂತ ಅರ್ಧ ಸೆಂ.ಮೀ. ಹೊರಗೆ ಚಾಚಿರಲಿ, ಆಗ ಪೆಟ್ಟಿಗೆಯ ಗೋಡೆ ಮೊದಲು ತಾಗುವುದು ಬಿಲ್ಲೆಗೆ. ದುಂಡು ರೊಟ್ಟಿಯನ್ನು ಚೌಕ ಪೆಟ್ಟಿಗೆಯಲ್ಲಿಟ್ಟರೆ ಶೇಕಡಾ 21ರಷ್ಟು ಜಾಗ ಮೂಲೆಗಳಲ್ಲಿ ಖಾಲಿ ಉಳಿಯುತ್ತದೆ. ಅಲ್ಲಿ ಹಾಳಿ ತುರುಕುವುದಕ್ಕಿಂತ ನಾಲ್ಕು ಮೂಲೆಗೆ ಚಟ್ನಿಪುಡಿಯ ಚಿಕ್ಕ ಪಾಕೀಟು ನಿಲ್ಲಿಸಿದರೆ ಮೆತ್ತೆಯೂ ಆಯಿತು, ಮಾರಾಟವೂ ಆಯಿತು.

ಹಂತ 5: ಚಟ್ನಿಪುಡಿ ಮತ್ತು ಮರಳುವ ಬಾಟಲಿ

ಚಟ್ನಿಪುಡಿಯ ಕಥೆ ಬೇರೆ. ಶೇಂಗಾ, ಗುರೆಳ್ಳು, ಅಗಸಿ ಮೂರರಲ್ಲೂ ಎಣ್ಣೆ ತುಂಬಿದೆ. ಗಾಳಿ, ಬೆಳಕು, ಶಾಖ ತಾಗಿದರೆ ಕಮಟಾಗುತ್ತದೆ. ಮೂರರಲ್ಲಿ ಅಗಸಿ ಬೇಗ ಕೆಡುತ್ತದೆ. ಇದಕ್ಕೆ ಹೆಚ್ಚಿನವರ ಉತ್ತರ ಬೆಳ್ಳಿ ಬಣ್ಣದ ಪದರಪಾಕೀಟು. ಅದಕ್ಕಿಂತ ಒಳ್ಳೆಯ ಉತ್ತರ, ಕೆಡುವ ಮೊದಲೇ ಮಾರಿ ಮುಗಿಯುವಷ್ಟು ಮಾತ್ರ ಕುಟ್ಟುವುದು. ಆರು ತಿಂಗಳು ಬಾಳುವ ಅಗಸಿ ಚಟ್ನಿ ಯಾರೂ ಕೇಳಿಲ್ಲ. ವಾರಕ್ಕೊಮ್ಮೆ ಮಾಡಿ ತಿಂಗಳೊಳಗೆ ಮಾರುವುದಾದರೆ ಗಾಜಿನ ಬಾಟಲಿ ಸಾಕಾಗುತ್ತದೆ.

ಬಾಟಲಿ ಆರಿಸುವಾಗ ಚಂದ ನೋಡಬೇಡಿ, ಕಂಠ ನೋಡಿ. 63 ಮಿ.ಮೀ. ಅಗಲ ಬಾಯಿಯ, ತಿರುಗಿಸಿ ಮುಚ್ಚುವ ತಗಡಿನ ಮುಚ್ಚಳದ ಸಾದಾ ಬಾಟಲಿ ತೆಗೆದುಕೊಳ್ಳಿ. ಬ್ರಷ್ ಒಳಗೆ ಇಳಿಯುತ್ತದೆ, ಚಮಚ ತಳ ಮುಟ್ಟುತ್ತದೆ, ಬಿಡಿ ಮುಚ್ಚಳ ಸಿಗುತ್ತದೆ. ಆರು ಮೂಲೆಯ, ಗೀರುಗೀರಿನ ಬಾಟಲಿಯ ಸಂದಿಯಲ್ಲಿ ಎಣ್ಣೆ ಕೂರುತ್ತದೆ. ಅಕ್ಕಪಕ್ಕದ ಎರಡು–ಮೂರು ಸ್ವಸಹಾಯ ಸಂಘಗಳು ಒಂದೇ ಅಳತೆಯ ಬಾಟಲಿಗೆ ಒಪ್ಪಿಕೊಂಡರೆ ಇನ್ನೂ ಒಳ್ಳೆಯದು, ಯಾರ ಬಾಟಲಿ ಯಾರಿಗೆ ಮರಳಿದರೂ ನಡೆಯುತ್ತದೆ. ಪುಡಿಯನ್ನು ಕಂಠದವರೆಗೆ ಕುಟ್ಟಿ ತುಂಬಿ, ಮೇಲೆ ಖಾಲಿ ಬಿಟ್ಟಷ್ಟೂ ಗಾಳಿ ಉಳಿಯುತ್ತದೆ.

ಲೆಕ್ಕ. ಉದಾಹರಣೆಗೆ ಬಾಟಲಿ 16 ರೂಪಾಯಿ, ಮುಚ್ಚಳ 4 ರೂಪಾಯಿ, ಮರಳಿ ತಂದು ತೊಳೆಯುವ ಖರ್ಚು 7 ರೂಪಾಯಿ ಎನ್ನಿ. ಮುಚ್ಚಳ ಪ್ರತಿಸಲ ಹೊಸದು. ನೂರಕ್ಕೆ 60 ಬಾಟಲಿ ಮರಳಿದರೆ ಒಂದು ಸಲ ತುಂಬುವ ಸರಾಸರಿ ಖರ್ಚು 4 + 6.40 + 4.20 = 14 ರೂ. 60 ಪೈಸೆ, ಹೊಸದಾದರೆ 20. ಮೂವತ್ತೇ ಮರಳಿದರೂ 17 ರೂ. 30 ಪೈಸೆ. ತಂದು ತೊಳೆಯುವ ಖರ್ಚು ಹೊಸ ಬಾಟಲಿಯ ಬೆಲೆಗಿಂತ ಕಡಿಮೆ ಇರುವವರೆಗೆ ಎಷ್ಟು ಮರಳಿದರೂ ಉಳಿತಾಯವೇ. ದೂರ ಹೆಚ್ಚಾಗಿ ಆ 7 ರೂಪಾಯಿ 16 ದಾಟಿದ ಊರಿಗೆ ಗಾಜು ಕಳಿಸುವುದನ್ನು ನಿಲ್ಲಿಸಿ. ಠೇವಣಿಯನ್ನು ಬಾಟಲಿಯ ಬೆಲೆಯ ಆಸುಪಾಸು ಇಡಿ. 2 ರೂಪಾಯಿ ಠೇವಣಿಗೆ ಯಾರೂ ಬಾಟಲಿ ಹೊತ್ತು ತರುವುದಿಲ್ಲ. ಕಿರಾಣಿ ಅಂಗಡಿಯವರಿಗೆ ಮರಳಿದ ಬಾಟಲಿಗೆ ಒಂದು ರೂಪಾಯಿ ಕೊಡಿ, ಇಲ್ಲದಿದ್ದರೆ ಅವರು ಗಿರಾಕಿಗೆ ಹೇಳುವುದೇ ಇಲ್ಲ.

ತೊಳೆಯುವ ಕ್ರಮ ಹೀಗೆ:

1. ಮೊದಲು ಮೂಗು, ಆಮೇಲೆ ಬೆರಳು. ಮುಚ್ಚಳ ತೆಗೆದು ವಾಸನೆ ನೋಡಿ. ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧದ ಸುಳಿವು ಸಿಕ್ಕರೆ ಆ ಬಾಟಲಿಯನ್ನು ಅಲ್ಲೇ ಒಡೆದು ಗುಜರಿಗೆ ಹಾಕಿ, ತೊಳೆದು ನೋಡೋಣ ಎನ್ನಬೇಡಿ. ಹೊಲದ ಊರುಗಳಲ್ಲಿ ಅಗಲ ಬಾಯಿಯ ಬಾಟಲಿಗೆ ಏನೆಲ್ಲ ತುಂಬುತ್ತಾರೆ ಎಂಬುದು ಗೊತ್ತಿದ್ದದ್ದೇ. ಆಮೇಲೆ ಕಂಠವನ್ನು ಬೆಳಕಿಗೆ ಹಿಡಿದು ನೋಡಿ, ದಪ್ಪ ಬಟ್ಟೆ ಸುತ್ತಿದ ಬೆರಳಿನಿಂದ ಸವರಿ. ಚಕ್ಕೆ ಎದ್ದಿದ್ದರೆ ಅದೂ ಗುಜರಿಗೆ.

2. ಲೀಟರ್ ನೀರಿಗೆ 15ರಿಂದ 20 ಗ್ರಾಂ ವಾಷಿಂಗ್ ಸೋಡಾ, 60–65 ಡಿಗ್ರಿ ಬಿಸಿ, 15 ನಿಮಿಷ ನೆನೆಯಲಿ. ಶೇಂಗಾ ಎಣ್ಣೆಯ ಜಿಡ್ಡು ಬರೀ ಸೋಪಿನ ತಣ್ಣೀರಿಗೆ ಬಿಡುವುದಿಲ್ಲ. ಕೈಗವಸು ಹಾಕಿ, ಅಲ್ಯುಮಿನಿಯಂ ಪಾತ್ರೆ ಬಳಸಬೇಡಿ; ಬಿಸಿ ಕ್ಷಾರ ಅದನ್ನು ತಿನ್ನುತ್ತದೆ. ಚಳಿಗಾಲದ ಬೆಳಗ್ಗೆ ತಣ್ಣಗಿರುವ ಬಾಟಲಿಯನ್ನು ನೇರ ಬಿಸಿನೀರಿಗೆ ಇಳಿಸಿದರೆ ತಳ ಬಿಟ್ಟುಕೊಳ್ಳುತ್ತದೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡಿ.

3. ಬ್ರಷ್ ಹಾಕಿ ತಿಕ್ಕಿ, ಎರಡು ಸಲ ಕುಡಿಯುವ ನೀರಿನಲ್ಲಿ ಜಾಲಿಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ, ಗಿರಾಕಿ ಅದನ್ನು ಕೊಳೆ ಎಂದೇ ತಿಳಿಯುತ್ತಾರೆ. ಕೊನೆಯ ಜಾಲನೆಗೆ ಆರ್‌ಒ ನೀರು ಬಳಸಿ.

4. 10 ನಿಮಿಷ ಹಬೆಯಲ್ಲಿಟ್ಟು, ಬೋರಲು ಹಾಕಿ ನೀರು ಇಳಿಸಿ, 100–110 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ 20 ನಿಮಿಷ ಒಣಗಿಸಿ. ತಳದ ಮೂಲೆಯಲ್ಲಿ ಒಂದು ಹನಿ ಉಳಿದರೂ ಪುಡಿ ಅಲ್ಲಿಂದಲೇ ಬೂಸು ಹಿಡಿಯುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಮಾಲು ಕೆಡುವುದು ತೊಳೆಯದೆ ಅಲ್ಲ, ಒಣಗಿಸದೆ. ಪೂರ್ತಿ ತಣ್ಣಗಾದ ಮೇಲೆ ತುಂಬಿ. ಬಿಸಿ ಬಾಟಲಿ ಮುಚ್ಚಿದರೆ ಒಳಗೇ ಬೆವರುತ್ತದೆ.

ಹಂತ 6: ಲೇಬಲ್ ಮತ್ತು ಅಂಟು

ಚಿಕ್ಕ ವಿಷಯದಂತೆ ಕಾಣುತ್ತದೆ, ಕೆಲಸ ಕೆಡಿಸುವುದೇ ಇದು. ಮರಳುವ ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಬಾಟಲಿಗೆ ಮೂರು ನಿಮಿಷ ಕೆರೆಯುತ್ತ ಕೂರಬೇಕು. ಬರೀ ಕಾಗದದ ಲೇಬಲ್, ನೀರಲ್ಲಿ ಬಿಡುವ ಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ) ಅಂಟು ಬಳಸಿ. ಮೈದಾ ಅಂಟು ಅಗ್ಗ, ಸೋಡಾ ನೀರಿಗೆ ಸಲೀಸಾಗಿ ಬಿಡುತ್ತದೆ, ಆದರೆ ಮಳೆಗಾಲದಲ್ಲಿ ಬೂಸು ಹಿಡಿದು ಜಿರಲೆ ಕರೆಯುತ್ತದೆ. ಪುಸ್ತಕ ಕಟ್ಟುವವರು ಹುಳ ಬಾರದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ತಿನ್ನುವ ಪದಾರ್ಥದ ಬಾಟಲಿಗೆ ಆ ಉಪಾಯ ಬೇಡವೇ ಬೇಡ, ಅದು ವಿಷ. ಅಂಟನ್ನು ಲೇಬಲ್‌ನ ಪೂರ್ತಿ ಹಿಂಬದಿಗೆ ಬಳಿಯದೆ ಎರಡು ಪಟ್ಟಿಯಷ್ಟೇ ಬಳಿದರೆ ಸಾಕು.

ಪೆಟ್ ಡಬ್ಬಿಗೆ ನಿಯಮ ಉಲ್ಟಾ. ಅಲ್ಲಿ ಕಾಗದ ಬೇಡ, ಕಾರ್ಖಾನೆಯಲ್ಲಿ ತೊಳೆಯುವಾಗ ಅದು ತಿರುಳಾಗಿ ಪ್ಲಾಸ್ಟಿಕ್ ಚೂರಿಗೆ ಬೆರೆಯುತ್ತದೆ. ಪಿಪಿ ಅಥವಾ ಪಿಇ (ಪಾಲಿಥೀನ್) ಲೇಬಲ್ ಹಾಕಿ. ಕಾರ್ಖಾನೆಯಲ್ಲಿ ಡಬ್ಬಿಯನ್ನು ಚೂರುಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಪಿಪಿ–ಪಿಇ ತೇಲಿ ಬೇರೆಯಾಗುತ್ತವೆ. ಪಿವಿಸಿ ಶ್ರಿಂಕ್ ಪಟ್ಟಿ ಮಾತ್ರ ಪೆಟ್ ಜೊತೆಗೇ ಮುಳುಗುತ್ತದೆ, ಮುಂದೆ ಕರಗಿಸುವಾಗ ಆಮ್ಲ ಬಿಟ್ಟು ಇಡೀ ಘಾಣವನ್ನು ಹಳದಿ ಮಾಡುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ಲೇಬಲ್, ಮುಚ್ಚಳ, ಪಟ್ಟಿಗಳನ್ನು ಚೂರು ಕತ್ತರಿಸಿ ಒಂದು ಹನಿ ಸೋಪು ಹಾಕಿದ ನೀರಿಗೆ ಹಾಕಿ ಕಲಕಿ. ಡಬ್ಬಿಯ ಜೊತೆ ತಳಕ್ಕಿಳಿದ ಬೇರೆ ಭಾಗ ಯಾವುದೇ ಇರಲಿ, ಅದನ್ನು ಬದಲಿಸಿ. ಕಪ್ಪು ಡಬ್ಬಿ ಬೇಡ, ಬಣ್ಣವಿಲ್ಲದ್ದಕ್ಕೇ ಒಳ್ಳೆಯ ದರ. ಶಾಯಿ ಆಹಾರದ ಪಾಕೀಟಿಗೆಂದೇ ಇರುವ ಐಎಸ್ 15495 ಮಾನದಂಡದ್ದಾಗಿರಬೇಕು, ಅಚ್ಚಾದ ಬದಿ ತಿನಿಸಿಗೆ ತಾಗಬಾರದು.

ಕರದಂಟು, ಕುಂದಾ, ಬೆಲ್ಲ

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ತತ್ವ ಅದೇ. ಕರದಂಟಿನ ರಟ್ಟಿನ ಡಬ್ಬಿಯ ಒಳಮೈಗೆ ಪ್ಲಾಸ್ಟಿಕ್ ಲೇಪ ಅಂಟಿಸಿದರೆ ರದ್ದಿಯವರಿಗೆ ಅದು ಬೇಡದ ಮಾಲು. ಲೇಪವಿಲ್ಲದ ಡಬ್ಬಿ, ಒಳಗೆ ಸಡಿಲವಾಗಿ ಹಾಸಿದ ಜಿಡ್ಡನ್ನು ಆಚೆ ಬಿಡದ ಕಾಗದ ಇರಲಿ. ಜಿಡ್ಡೆಲ್ಲ ಕಾಗದಕ್ಕೆ, ಡಬ್ಬಿ ಶುದ್ಧ. ಡುಪ್ಲೆಕ್ಸ್ ರಟ್ಟಿನ ಬೂದು ಬದಿ ಹಳೆ ಕಾಗದದಿಂದ ಮಾಡಿದ್ದು, ಸಿಹಿ ನೇರ ಅದಕ್ಕೆ ತಾಗದಿರಲಿ. ಕುಂದಾಕ್ಕೆ ಪಿಪಿ ಡಬ್ಬಿ, ಮುಚ್ಚಳವೂ ಪಿಪಿಯದೇ. ಬೆಲ್ಲ ಮಳೆಗಾಲದ ಗಾಳಿಯಲ್ಲಿನ ತೇವ ಹೀರಿ ಬೆವರುವುದರಿಂದ ಬರೀ ಕಾಗದದಲ್ಲಿ ನಿಲ್ಲುವುದಿಲ್ಲ, ಅದಕ್ಕೂ ರೊಟ್ಟಿಯ ಪಿಪಿ ಹಾಳಿಯೇ.

ಹಂತ 7: ಖಾನಾವಳಿಗೆ ಕ್ರೇಟು

ಖಾನಾವಳಿ, ಹಾಸ್ಟೆಲ್‌ಗೆ ದಿನಾ ರೊಟ್ಟಿ ಕೊಡುವವರಿಗೆ ಪಾಕೀಟೇ ಬೇಡ. ಆಹಾರಕ್ಕೆ ತಕ್ಕ ದರ್ಜೆಯ, ಮುಚ್ಚಳವಿರುವ ಪ್ಲಾಸ್ಟಿಕ್ ಕ್ರೇಟು, ಒಳಗೆ ತೊಳೆದ ಹತ್ತಿಬಟ್ಟೆ. ಎಷ್ಟು ಕ್ರೇಟು ಬೇಕು? ದಿನಕ್ಕೆ 4 ಹೋಗಿ ಮೂರನೇ ದಿನಕ್ಕೆ ಮರಳುವುದಾದರೆ 12, ಒಡೆಯುವುದು–ಕಳೆಯುವುದಕ್ಕೆ ಇನ್ನೆರಡು, ಒಟ್ಟು 14. ಪ್ರತಿಯೊಂದಕ್ಕೂ ಸಂಖ್ಯೆ ಬರೆದು ವಹಿಯಲ್ಲಿ ಕೊಟ್ಟ–ಬಂದ ದಿನ ಗುರುತು ಹಾಕಿ. ಸಂಖ್ಯೆ ಇಲ್ಲದ ಕ್ರೇಟು ತಿಂಗಳೊಳಗೆ ಖಾನಾವಳಿಯ ಉಳ್ಳಾಗಡ್ಡಿ ಬುಟ್ಟಿಯಾಗಿರುತ್ತದೆ.

ಕ್ರೇಟಿನ ಒಳ ಅಳತೆ 56×36 ಸೆಂ.ಮೀ. ಇದ್ದರೆ 23 ಸೆಂ.ಮೀ. ರೊಟ್ಟಿಯ ಎರಡೇ ಥಪ್ಪಿ ಕೂರುತ್ತವೆ, 17 ಸೆಂ.ಮೀ.ಯದಾದರೆ ಆರು. ಹಿಟ್ಟಿನ ಲೆಕ್ಕದಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು ಮಾಲು ಅದೇ ಕ್ರೇಟಿನಲ್ಲಿ ಹೋಗುತ್ತದೆ. ಹೀಗೆ ಪ್ಯಾಕಿಂಗ್‌ನ ಸಲುವಾಗಿ ತಿನಿಸಿನ ಅಳತೆಯನ್ನೇ ಬದಲಿಸಬಹುದು. ಆದರೆ ಊಟಕ್ಕೆ ಕೂತವರು ತಾಟಿನ ಅಗಲದ ರೊಟ್ಟಿ ಬಯಸುವ ಕಡೆ ಇದು ನಡೆಯುವುದಿಲ್ಲ. ಅಲ್ಲಿ ಕ್ರೇಟನ್ನೇ ಬೇರೆ ಅಳತೆಯದು ಹುಡುಕಿ.

ಹಂತ 8: ಕಳಿಸುವ ಮೊದಲು ಕೆಡಿಸಿ ನೋಡಿ

ತೇವದ ಪರೀಕ್ಷೆ ಮೊದಲು. ಒಂದು ಖಡಕ್ ರೊಟ್ಟಿ ತೂಗಿ, ಹೊರಗೆ ತೆರೆದಿಡಿ; ಮುರಿದಾಗ ಪಟ್ ಎನ್ನದೆ ಬಾಗುವ ಹೊತ್ತಿಗೆ ಮತ್ತೆ ತೂಗಿ. 30 ಗ್ರಾಂ ಇದ್ದದ್ದು 31 ಆದಾಗ ಮೆತ್ತಗಾಯಿತು ಎನ್ನಿ. ಹತ್ತು ರೊಟ್ಟಿಯ ಪಾಕೀಟಿಗೆ 10 ಗ್ರಾಂ ನೀರೇ ಮಿತಿ. ಈಗ ಬಿಸಿ ಮಾಡಿ ಒಣಗಿಸಿದ 100 ಗ್ರಾಂ ತೇವ ಹೀರುವ ಸಿಲಿಕಾ ಜೆಲ್ಲನ್ನು ಅದೇ ಪಾಕೀಟಿನಲ್ಲಿ ಸೀಲ್ ಮಾಡಿ, ಒದ್ದೆ ಬಚ್ಚಲುಮನೆಯಲ್ಲಿ ತೂಗುಹಾಕಿ, ಮೂರು ದಿನಕ್ಕೊಮ್ಮೆ ತೂಗಿ. ತೂಕ ಎಷ್ಟು ದಿನಕ್ಕೆ 10 ಗ್ರಾಂ ಏರುತ್ತದೋ ಕನಿಷ್ಠ ಅಷ್ಟು ದಿನ ಪಾಕೀಟು ತಡೆಯುತ್ತದೆ. ಈ ಪರೀಕ್ಷೆಯನ್ನು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಮಾಡಿದರೆ ಎಂಥ ಹಾಳಿಯೂ ಪಾಸಾಗುತ್ತದೆ. ಜುಲೈನಲ್ಲಿ ಅದೇ ಪಾಕೀಟು ಬೆಳಗಾವಿ, ಖಾನಾಪುರ ತಲುಪಿದಾಗ ಬಣ್ಣ ಬಯಲಾಗುತ್ತದೆ.

ಸೀಲ್ ಪರೀಕ್ಷೆಗೆ ಗಾಳಿ ತುಂಬಿ ಮುಚ್ಚಿದ ಪಾಕೀಟನ್ನು ನೀರಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಬಂದ ಜಾಗಕ್ಕೆ ಪೆನ್ನಿನಿಂದ ಗುರುತು ಮಾಡಿ. ಯಾವಾಗಲೂ ಒಂದೇ ಮೂಲೆಯಲ್ಲಿ ಬಂದರೆ ಯಂತ್ರದ ಪಟ್ಟಿ ಸವೆದಿದೆ, ಎಲ್ಲೆಂದರಲ್ಲಿ ಬಂದರೆ ರೊಟ್ಟಿಯ ಅಂಚು ಚುಚ್ಚಿದೆ.

ಕೊನೆಗೆ ಎತ್ತಿ ಹಾಕುವುದು. ಪಾರ್ಸಲ್‌ಗೆ ಕಟ್ಟಿದ ಪೂರ್ತಿ ಪೆಟ್ಟಿಗೆಯನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಕೆಡವಿ: ಒಂದು ಮೂಲೆ, ಆ ಮೂಲೆಗೆ ಸೇರಿದ ಮೂರು ಅಂಚು, ಆರು ಮುಖ. ಹತ್ತು ಕಿಲೋ ಒಳಗಿನ ಪೆಟ್ಟಿಗೆಗೆ ಇದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರಮ. ಆಮೇಲೆ ತೆರೆದು ಒಡೆದ ರೊಟ್ಟಿ ಎಣಿಸುವುದಷ್ಟೇ ಅಲ್ಲ, ಎಲ್ಲಿ ಒಡೆದಿದೆ ನೋಡಿ. ಅಂಚು ಚೂರಾಗಿದ್ದರೆ ಪೆಟ್ಟಿಗೆ ಸಡಿಲ, ಒಳ ಅಳತೆ ಒಂದು ಸೆಂ.ಮೀ. ಕಡಿಮೆ ಮಾಡಿ. ನಟ್ಟನಡುವೆ ಸೀಳಿದ್ದರೆ ಬಿಲ್ಲೆ ತೆಳು, ಮೂರು ಪದರದ್ದು ಹಾಕಿ. ಥಪ್ಪಿಯ ತಳದ ಎರಡು ಮಾತ್ರ ಒಡೆದಿದ್ದರೆ ಕೆಳಗೆ ಇನ್ನೊಂದು ಬಿಲ್ಲೆ ಸಾಕು, ಇಡೀ ಪೆಟ್ಟಿಗೆಯನ್ನು ಐದು ಪದರಕ್ಕೆ ಏರಿಸುವ ಅಗತ್ಯವಿಲ್ಲ. ಒಡೆದ ಚೂರನ್ನು ಬಿಸಾಡಬೇಡಿ, ಅದೇ ಚೀಲದಲ್ಲಿ ಕಡಿಮೆ ಬೆಲೆಗೆ ಚೂರು ಎಂದೇ ಮಾರಿ. ಮಜ್ಜಿಗೆಗೆ ಮುರಿದು ಹಾಕಿಕೊಳ್ಳುವವರಿಗೆ ಇಡಿ ರೊಟ್ಟಿಯೇ ಬೇಕೆಂದೇನಿಲ್ಲ.